ಥಿನ್ನರ್ ತಿಂದ ಥರ್ಮಾಕೋಲು, ಅಲೆ ಏರಿದ ಹಲಗೆ

ಗಣೇಶನ ಮಂಟಪಕ್ಕೆ ಥರ್ಮಾಕೋಲ್ ಕೊರೆದ ಶಹಾಬಾದ್, ವಾಡಿಯ ಹುಡುಗರಿಗೆ ಒಂದು ಗುಟ್ಟು ಗೊತ್ತು: ಅದಕ್ಕೆ ಥಿನ್ನರ್ ಬೆರೆಸಿದ ಬಣ್ಣ ಹೊಡೆಯಬಾರದು. ಹೊಡೆದರೆ ಕಂಬವೇ ಕುಗ್ಗಿ ಗುಳಿ ಬೀಳುತ್ತದೆ. ಹೆಸರಲ್ಲೇ ತಿನ್ನುವ ಬುದ್ಧಿ! ಕಡಲಿಂದ ದೂರದ ಸೇಡಂ, ಚಿತ್ತಾಪುರ, ಚಿಂಚೋಳಿಯ ಓದುಗರಿಗೆ ಕಡಲ ಅಲೆ ಏರುವ ಸರ್ಫ್ ಹಲಗೆಯ ಚರಿತ್ರೆ ಹೇಳಲು ಇಷ್ಟೇ ಪೀಠಿಕೆ ಸಾಕು.

ಮೊದಲು ಹಲಗೆಗಳು ಮರದವು. 1940ರ ದಶಕದಲ್ಲಿ ಹಲಗೆಗೆ ಹೊದಿಸಲು ಗಾಜಿನ ಬಟ್ಟೆ, ಪಾಲಿಯೆಸ್ಟರ್ ರಾಳ ಬಂದವು. ಈ ರಾಳದಲ್ಲಿ ಸ್ಟೈರೀನ್ ದ್ರವವಿದೆ. ಹಲಗೆಯ ಹೊಟ್ಟೆಗೆ ಹಗುರವಾದ ಥರ್ಮಾಕೋಲ್ ಇಡೋಣವೆಂದರೆ ಅದು ಅದೇ ಸ್ಟೈರೀನಿನ ಉದ್ದುದ್ದ ಸರಪಳಿ. ರಾಳ ಸೋಕಿದರೆ ಸರಪಳಿಗಳು ಬಿಡಿಬಿಡಿಯಾಗಿ ಕರಗುತ್ತವೆ. ಕ್ಯಾಲಿಫೋರ್ನಿಯಾದ ಬಾಬ್ ಸಿಮನ್ಸ್ ಥರ್ಮಾಕೋಲಿನಂಥ ನೊರೆಗೆ ತೆಳು ಪ್ಲೈವುಡ್ ಹೊದಿಸಿ ಈ ಕಾಟ ತಪ್ಪಿಸಿಕೊಂಡ. ನೆಟ್ಟಗಿನ ದಾರಿ ಸಿಕ್ಕಿದ್ದು 1958ರ ಹೊತ್ತಿಗೆ: ಅದೇ ಕ್ಯಾಲಿಫೋರ್ನಿಯಾದ ಹೋಬಿ ಆಲ್ಟರ್, ಗಾರ್ಡನ್ ಕ್ಲಾರ್ಕ್ ಪಾಲಿಯುರೆಥೇನ್ ನೊರೆ ಹಿಡಿದರು. ಅದರ ಸರಪಳಿಗಳು ಅಡ್ಡಡ್ಡ ಗಂಟು ಹಾಕಿಕೊಂಡಿರುವುದರಿಂದ ಸ್ಟೈರೀನ್ ಅದನ್ನು ಕರಗಿಸಲಾರದು. ರಾಳ ಯಾವುದನ್ನು ತಿನ್ನಲಾರದೋ ಅದೇ ಅರ್ಧ ಶತಮಾನ ಹಲಗೆಯ ಹೊಟ್ಟೆಯಾಯಿತು.

2005ರ ಡಿಸೆಂಬರ್ 5ರಂದು ಕ್ಲಾರ್ಕ್ ತನ್ನ ಕಾರ್ಖಾನೆಗೆ ಏಕಾಏಕಿ ಬೀಗ ಹಾಕಿದ. ಅಮೆರಿಕದ ಹಲಗೆಗಳ ಬಹುಪಾಲು ನೊರೆ ಬರುತ್ತಿದ್ದುದು ಅಲ್ಲಿಂದಲೇ. ಹಲಗೆ ಮಾಡುವವರಲ್ಲಿ ಹಲವರು ಥರ್ಮಾಕೋಲಿನತ್ತ ಮತ್ತೆ ತಿರುಗಿದರು. ಜತೆಗೆ ಸ್ಟೈರೀನ್ ಇಲ್ಲದ ಎಪಾಕ್ಸಿ ರಾಳ.

ಎರಡು ರಾಳಗಳ ಅಡುಗೆಯೂ ಬೇರೆ ಬೇರೆ. ಪಾಲಿಯೆಸ್ಟರಿಗೆ ಹಾಕುವ ಗಟ್ಟಿಕಾರಕ ಹಾಲಿಗೆ ಹಾಕುವ ಹೆಪ್ಪಿನಂತೆ: ನೂರಕ್ಕೆ ಒಂದೆರಡು ಪಾಲು, ಸ್ವಲ್ಪ ಹೆಚ್ಚುಕಡಿಮೆಯಾದರೂ ಬೇಗವೋ ತಡವೋ ಗಟ್ಟಿಯಾಗುತ್ತದೆ. ಎಪಾಕ್ಸಿಯದು ಜೋಳದ ರೊಟ್ಟಿಯ ಲೆಕ್ಕ. ಅದರ ಗಟ್ಟಿಕಾರಕವಾದ ಅಮೈನ್ ರಾಳದ ಭಾಗವೇ ಆಗಿಬಿಡುವುದರಿಂದ ಅಳತೆ ತಪ್ಪಿದರೆ ಹಲಗೆ ಜಿಗುಟಾಗಿಯೇ ಉಳಿಯುತ್ತದೆ, ಎಷ್ಟು ದಿನ ಕಾದರೂ.

ನಮ್ಮ ರಾಜ್ಯದಲ್ಲಿ ಸರ್ಫಿಂಗ್ ಆಟ ಬೇರೂರಿದ್ದು ಕರಾವಳಿಯ ಮೂಲ್ಕಿಯಲ್ಲಿ. ಮಂತ್ರ ಸರ್ಫ್ ಕ್ಲಬ್ 2004ರಲ್ಲಿ ಶುರುವಾಯಿತು. 2016ರಲ್ಲಿ ಪಕ್ಕದ ಸಸಿಹಿತ್ಲು ಕಡಲತೀರದಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆಯಿತು. ಕರಾವಳಿಯ ಫೈಬರ್ ದೋಣಿಗೆ ತೇಪೆ ಹಾಕುವವರ ಬಳಿ ಇರುವುದು ಸಾಮಾನ್ಯವಾಗಿ ಪಾಲಿಯೆಸ್ಟರ್ ರಾಳ. ಒಡೆದ ಎಪಾಕ್ಸಿ-ಥರ್ಮಾಕೋಲ್ ಹಲಗೆಯನ್ನು ಒಳಗೇನಿದೆ ಎಂದು ಹೇಳದೆ ಅವರ ಕೈಗಿಟ್ಟರೆ ಅಂಗೈಯಗಲದ ತೂತು ಕೊಡದಷ್ಟು ದೊಡ್ಡದಾದೀತು, ಗಣೇಶನ ಮಂಟಪದ ಕಂಬದ ಹಾಗೆ.