ಅಜ್ಜಿಗೆ ವಯಸ್ಸೆಷ್ಟು?

ನಂಜನಗೂಡು ತಾಲ್ಲೂಕಿನ ಸುತ್ತೂರು ಎಂದರೆ ಮಠ, ಜಾತ್ರೆ ನೆನಪಾಗುತ್ತವೆ. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳಿಗೆ ಅದು ಪಾಠ ಕಲಿಯುವ ಊರೂ ಹೌದು. ರೋಗಿ ಆಸ್ಪತ್ರೆಗೆ ಬರುವ ಮುನ್ನ ಹೇಗೆ ಬದುಕಿರುತ್ತಾನೆ ಎಂಬುದು ಅವರಿಗೆ ಗೊತ್ತಾಗುವುದು ಇಂಥ ಊರುಗಳ ಬೀದಿಗಳಲ್ಲೇ.

ಅಲ್ಲಿನ ಹಿರಿಯರ ಬಗ್ಗೆ ಸಣ್ಣ ಸಂಶೋಧನೆಯನ್ನೂ ಅವರು ಮಾಡಬಹುದು. ಅಮೆರಿಕದಲ್ಲಿ ವೈದ್ಯ ವಿದ್ಯಾರ್ಥಿಗಳು ಬೇಸಿಗೆ ರಜೆಯ ಎಂಟು-ಹನ್ನೆರಡು ವಾರಗಳನ್ನು ಮುಪ್ಪಿನ ಕುರಿತ ಸಂಶೋಧನೆಗೆ ಕೊಡಲೆಂದೇ ಒಂದು ಕಾರ್ಯಕ್ರಮವಿದೆ. ನಮ್ಮಲ್ಲಿ ಮುಪ್ಪಿಗಾಗಿಯೇ ಇರುವಂಥದ್ದಲ್ಲದಿದ್ದರೂ ಅದಕ್ಕಿಂತ ಹಳೆಯದೊಂದಿದೆ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1979ರಲ್ಲಿ ಆರಂಭಿಸಿದ ಅಲ್ಪಾವಧಿ ವಿದ್ಯಾರ್ಥಿವೇತನ, ವಿದ್ಯಾರ್ಥಿಗಳ ಬಾಯಲ್ಲಿ ‘ಎಸ್‌ಟಿಎಸ್’. ಎಂಬಿಬಿಎಸ್, ಬಿಡಿಎಸ್ ಓದುವವರು ತಮ್ಮ ಕಾಲೇಜಿನ ಅಧ್ಯಾಪಕರೊಬ್ಬರನ್ನು ಗೈಡ್ ಮಾಡಿಕೊಂಡು, ನೈತಿಕ ಸಮಿತಿಯ ಒಪ್ಪಿಗೆ ಪಡೆದು, ಎರಡು ತಿಂಗಳು ಕೆಲಸ ಮಾಡಿ ವರದಿ ಒಪ್ಪಿಸಬೇಕು. ವಿಷಯ ಅವರದೇ ಆಯ್ಕೆ. ಹಿರಿಯರ ಆರೋಗ್ಯವನ್ನು ಆರಿಸಿಕೊಳ್ಳಲು ಕಾರಣವೂ ಇದೆ. 2011ರ ಜನಗಣತಿಯಲ್ಲೇ ಕರ್ನಾಟಕದ ಜನರಲ್ಲಿ ಶೇ. 9.5ರಷ್ಟು ಮಂದಿ ಅರವತ್ತು ದಾಟಿದ್ದರು. ದೇಶದ ಸರಾಸರಿ ಶೇ. 8.6. ಹಿರಿಯರಿಗೆಂದೇ ದೇಶದ ಮೊದಲ ಹೊರರೋಗಿ ವಿಭಾಗವನ್ನು ಡಾ. ವಿ. ಎಸ್. ನಟರಾಜನ್ ಮದ್ರಾಸಿನಲ್ಲಿ ತೆರೆದದ್ದು 1978ರಲ್ಲಿ. ಮಕ್ಕಳ ವೈದ್ಯರು ತಾಲ್ಲೂಕು ಕೇಂದ್ರಗಳಲ್ಲೂ ಸಿಗುತ್ತಾರೆ, ಮುಪ್ಪಿನ ವೈದ್ಯರನ್ನು ಇಂದಿಗೂ ಹುಡುಕಬೇಕು.

ಇಂಥ ಅಧ್ಯಯನಕ್ಕೆಂದು ಹಳ್ಳಿಗೆ ಹೋದ ವಿದ್ಯಾರ್ಥಿ ಮೊದಲು ಎಡವುವುದು ಅತ್ಯಂತ ಸುಲಭವೆನಿಸಿದ ಪ್ರಶ್ನೆಯಲ್ಲಿ. ‘ಅಜ್ಜಿ, ವಯಸ್ಸೆಷ್ಟು?’ ‘ಯಾರಿಗ್ ಗೊತ್ತು ಕಣಪ್ಪಾ, ನೀನೇ ಬರ್ಕೊ.’ ಆಧಾರ್ ಕಾರ್ಡ್ ನೋಡಿದರೆ ಬೀದಿಯ ಅರ್ಧ ಮುದುಕರು ಜನವರಿ ಒಂದರಂದೇ ಹುಟ್ಟಿರುತ್ತಾರೆ. ಅರವತ್ತು ದಾಟಿದವರನ್ನಷ್ಟೇ ಸೇರಿಸಿಕೊಳ್ಳುವ ಅಧ್ಯಯನದಲ್ಲಿ ಇದು ಸಣ್ಣ ತೊಡಕಲ್ಲ. ಅದಕ್ಕೇ ಊರಿನ ನೆನಪಿನಲ್ಲಿ ಉಳಿದ ಘಟನೆಗಳ ಪಟ್ಟಿಯೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಬೇಕು: ಗಾಂಧೀಜಿ ತೀರಿಕೊಂಡದ್ದು 1948, ಚೀನಾ ಯುದ್ಧ 1962, ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973, ಮಹಾರಾಜ ಜಯಚಾಮರಾಜ ಒಡೆಯರ್ ತೀರಿಕೊಂಡದ್ದು 1974. ತಿರುಮಕೂಡಲು ನರಸೀಪುರದ ಕಡೆಯಾದರೆ 1989ರ ಮೊದಲ ಕುಂಭಮೇಳ ಕೈಹಿಡಿಯುತ್ತದೆ. ‘ಮಹಾರಾಜರು ತೀರ್ಕೊಂಡಾಗ ದೊಡ್ಡಮಗ ನಡೀತಿದ್ನಾ, ಎತ್ಕೊಂಡಿದ್ರಾ?’ ಎಂದು ಕೇಳಿದರೆ ಅಜ್ಜಿ ಥಟ್ಟನೆ ಉತ್ತರ ಕೊಡುತ್ತಾರೆ. ಮಗನ ವಯಸ್ಸು ಸಿಕ್ಕರೆ ತಾಯಿಯದಕ್ಕೆ ಒಂದು ಅಂದಾಜು ಸಿಕ್ಕಂತೆ.

ಹುಟ್ಟಿದ ದಿನ ಮಾತ್ರವಲ್ಲ, ಹುಟ್ಟಿದಾಗಿನ ತೂಕವೂ ಬರೆದಿಟ್ಟಿದ್ದರೆ ಏನಾಗುತ್ತದೆ ಎಂಬುದಕ್ಕೆ ಮೈಸೂರಿನಲ್ಲೇ ಲೋಕಪ್ರಸಿದ್ಧ ಉದಾಹರಣೆಯಿದೆ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಜನ ಕರೆಯುವಂತೆ ಮಿಷನ್ ಆಸ್ಪತ್ರೆ, 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿತ್ತು. ದಶಕಗಳ ಮೇಲೆ ಸಂಶೋಧಕರು ಆ ಕೂಸುಗಳನ್ನು ನಡುವಯಸ್ಸಿನವರಾಗಿ ಊರಲ್ಲೇ ಹುಡುಕಿದರು. 517 ಮಂದಿಯನ್ನು ಪರೀಕ್ಷಿಸಿ 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿತ್ತು: ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಶೇ. 11ರಷ್ಟು, ಮೂರು ಕಿಲೋಗಿಂತ ಹೆಚ್ಚು ತೂಗಿ ಹುಟ್ಟಿದವರಲ್ಲಿ ಶೇ. 3ರಷ್ಟು. ಸೂಲಗಿತ್ತಿಯ ಕೈಯಲ್ಲಿ ಮನೆಯಲ್ಲೇ ಹುಟ್ಟಿದ ಹಳ್ಳಿಯ ಅಜ್ಜಿಗೆ ಇಂಥ ದಾಖಲೆ ಎಲ್ಲಿಂದ ಬರಬೇಕು? ಎರಡು ತಿಂಗಳಲ್ಲಿ ಅದರ ಆಸೆಯನ್ನೂ ಪಡಬಾರದು. ಪ್ರಶ್ನೆ ಸಣ್ಣದಾಗಿದ್ದಷ್ಟೂ ಉತ್ತರ ಗಟ್ಟಿ. ಬಾಯಲ್ಲಿ ಎಷ್ಟು ಹಲ್ಲು ಉಳಿದಿವೆ, ಏನು ಅಗಿದು ತಿನ್ನುತ್ತಾರೆ ಎಂಬುದೇ ಸಾಕಾದಷ್ಟು ವಿಷಯ. ಹಲ್ಲುಪುಡಿಗೆ ಹೆಸರಾದ ನಂಜನಗೂಡಿಗೆ ಅದು ಒಪ್ಪುತ್ತದೆ ಕೂಡ!

ಬೀಳುವ ಅಪಾಯವನ್ನು ಅಳೆಯುವುದು ಇಂಥದೇ ಇನ್ನೊಂದು ಸಣ್ಣ ಕೆಲಸ. ಇದಕ್ಕೆ ಯಂತ್ರ ಬೇಡ. ಕೈಯಿರುವ ಕುರ್ಚಿ, ಟೇಪು, ಗಡಿಯಾರ ಇದ್ದರಾಯಿತು. ಕುರ್ಚಿಯಿಂದ ಮೂರು ಮೀಟರು ಅಳೆದು ನೆಲಕ್ಕೆ ಗೆರೆ ಎಳೆಯಬೇಕು. ಸೀಮೆಸುಣ್ಣ ಇಲ್ಲದಿದ್ದರೆ ಆ ಮನೆಯ ರಂಗೋಲಿ ಪುಡಿಯೇ ಆಗುತ್ತದೆ. ತಾತ ಎದ್ದು, ದಿನವೂ ನಡೆಯುವ ಹಾಗೇ ನಡೆದು, ಗೆರೆಯ ಬಳಿ ತಿರುಗಿ, ವಾಪಸು ಬಂದು ಕೂರಬೇಕು. ಹನ್ನೆರಡು ಸೆಕೆಂಡಿಗೂ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆಯೆಂದು ಎಣಿಸುವುದು ರೂಢಿ. ಗಡಿಯಾರಕ್ಕಿಂತ ಕಣ್ಣು ಮುಖ್ಯ: ಏಳುವಾಗ ಕುರ್ಚಿಯ ಕೈ ಒತ್ತಿದರೇ, ತಿರುಗುವಾಗ ಗೋಡೆಗೆ ಕೈ ಚಾಚಿದರೇ? ಆಯುಷ್ಯವಿಡೀ ಜಗಲಿಯ ಮೇಲೋ ನೆಲದ ಮೇಲೋ ಕೂತವರಿಗೆ ಕುರ್ಚಿಯೇ ಹೊಸದಾಗಿರಬಹುದು. ಆದ್ದರಿಂದ ಒಮ್ಮೆ ಅಭ್ಯಾಸ ಮಾಡಿಸಿ ಆಮೇಲೆ ಎಣಿಸಬೇಕು.

ಮರೆವಿನ ಪರೀಕ್ಷೆ ಇನ್ನೂ ನಾಜೂಕಿನದು. ನೂರರಿಂದ ಏಳೇಳು ಕಳೆಯಿರಿ, ಒಂದು ವಾಕ್ಯ ಬರೆಯಿರಿ ಎಂದರೆ ಶಾಲೆಯ ಮೆಟ್ಟಿಲು ಹತ್ತದವರು ಸೋಲುತ್ತಾರೆ. ಅದು ಮರೆವಲ್ಲ. ಹರಿಯಾಣದ ಬಲ್ಲಭಗಢದ ಹಳ್ಳಿಗಳಿಗಾಗಿ ಸಿದ್ಧವಾದ ಹಿಂದಿ ಪರೀಕ್ಷೆ ಇದಕ್ಕೆ ಪರಿಹಾರ ಹುಡುಕಿತು. ಲೆಕ್ಕದ ಬದಲು ವಾರದ ಹೆಸರುಗಳನ್ನು ಹಿಂದುಮುಂದಾಗಿ ಹೇಳಿಸುವುದು, ಬರೆಯಿಸುವ ಬದಲು ಮನೆಯ ಬಗ್ಗೆ ಒಂದು ಮಾತಾಡಿಸುವುದು ಅಲ್ಲಿನ ಕ್ರಮ. ಕನ್ನಡದ ಹಳ್ಳಿಗೆ ಹೋಗುವವರೂ ಪ್ರಶ್ನೆಪಟ್ಟಿಯನ್ನು ಅಕ್ಷರಶಃ ಓದದೆ, ಆ ಊರಿನವರ ಬಾಯಲ್ಲಿ ಒಮ್ಮೆ ಆಡಿಸಿ ನೋಡಬೇಕು.

ವೇಳೆಯೂ ಫಲಿತಾಂಶವನ್ನು ಕೆಡಿಸುತ್ತದೆ. ಹೊತ್ತೇರಿದ ಮೇಲೆ ಹೋದರೆ ಗದ್ದೆಗೋ ದನ ಮೇಯಿಸಲೋ ಹೋದ ಗಟ್ಟಿಮುಟ್ಟಾದ ಮುದುಕರು ಮನೆಯಲ್ಲಿರುವುದಿಲ್ಲ. ಸಿಗುವವರು ಹಾಸಿಗೆ ಹಿಡಿದವರು, ಕೂಸು ಕಾಯುವವರು. ಅವರನ್ನಷ್ಟೇ ಎಣಿಸಿದರೆ ಊರೆಲ್ಲ ಕಾಯಿಲೆಯವರೇ ಎನಿಸುತ್ತದೆ. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಕೇಳುವುದು ಮತ್ತೊಂದು ಕಷ್ಟ. ಹೆಬ್ಬೆಟ್ಟೆಂದರೆ ಜಮೀನಿನ ಕಾಗದ, ಇಲ್ಲವೇ ಪಿಂಚಣಿ. ‘ನಂಗೆ ಪಿಂಚಣಿ ನಿಂತೋಗದೆ, ಬರ್ಸ್ಕೊಡಪ್ಪಾ’ ಎನ್ನುವವರಿಗೆ, ಇದು ಅದಲ್ಲ, ಒಪ್ಪದಿದ್ದರೂ ಏನೂ ನಷ್ಟವಿಲ್ಲ ಎಂದು ಸಾವಕಾಶವಾಗಿ ಹೇಳಬೇಕು. ಒಪ್ಪಿಗೆ ಎಂಬುದರ ಅರ್ಥವೇ ಅದು. ಪರೀಕ್ಷಿಸುವಾಗ ರಕ್ತದೊತ್ತಡ ಹೆಚ್ಚಿರುವುದು ಕಂಡರೆ ಅಂಕಿ ಬರೆದುಕೊಂಡು ಹೊರಟುಬಿಡಬಾರದು. ಚೀಟಿ ಬರೆದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಬೇಕು, ಆಶಾ ಕಾರ್ಯಕರ್ತೆಗೂ ತಿಳಿಸಬೇಕು.

ಮನೆಯವರಿಗೂ ಒಂದು ಮಾತು. ಬಿಳಿ ಕೋಟಿನ ಹುಡುಗ ಹುಡುಗಿಯರು ನಿಮ್ಮ ಬಾಗಿಲಿಗೆ ಬಂದರೆ, ಅಜ್ಜಿಗೆ ಕೇಳಿದ ಪ್ರಶ್ನೆಗೆ ಅಜ್ಜಿಯೇ ಉತ್ತರ ಕೊಡಲಿ, ಸೊಸೆಯಾಗಲಿ ಮಗನಾಗಲಿ ನಡುವೆ ಬಾಯಿ ಹಾಕಬೇಡಿ. ಮಾತ್ರೆಗಳನ್ನೆಲ್ಲ ತುಂಬಿಟ್ಟ ಆ ಪ್ಲಾಸ್ಟಿಕ್ ಕವರನ್ನು ಮಾತ್ರ ತಪ್ಪದೆ ಹೊರಗೆ ತಂದು ತೋರಿಸಿ.