ಒಂದು ಸುಟ್ಟ ಕೋಳಿ, ನಾಲ್ಕು ಅಡುಗೆ

ಬೀಗರು ಹೇಳದೆ ಕೇಳದೆ ಬಂದಿಳಿದರೆ ನಮ್ಮ ಅಮರಾಪುರ ಸೀಮೆಯಲ್ಲಿ ಮೊದಲ ಯೋಚನೆ ಕೋಳಿಯದು. ಹಿತ್ತಲಲ್ಲಿ ಕೋಳಿ ಸಾಕುವುದು ನಾವು ಬಿಟ್ಟೆವು. ಅಂಗಡಿಯವರೇ ನಾಟಿಕೋಳಿ ಕೊಯ್ದು, ಪುಕ್ಕ ತೆಗೆದು, ಬೆಂಕಿಯಲ್ಲಿ ಸುಟ್ಟು, ಅರಿಶಿನ ಹಚ್ಚಿ ಕೊಡುತ್ತಾರೆ. ಸುಟ್ಟಿರುವುದು ತೊಗಲು ಮಾತ್ರ, ಒಳಗಿನ ಬಾಡು ಹಸಿಯೇ ಎಂಬುದು ನೆನಪಿರಲಿ.

ನಾಟಿಕೋಳಿ ಬೆಲೆ ಗೊತ್ತೇ ಐತಲ್ಲ. ಎಂಟು ಜನಕ್ಕೆ ಒಂದೇ ಕೋಳಿ ಸಾಲಬೇಕು. ನಮ್ಮನೆಯವಳ ಲೆಕ್ಕ ಹೀಗೆ: ಕತ್ತು, ಬೆನ್ನು, ಮೂಳೆಗೆ ಈರುಳ್ಳಿ, ಉಪ್ಪು ಹಾಕಿ ಬೇಯಿಸುವುದು. ಬೆಂದ ನೀರು ಒಂದು ಲೋಟ ಬಸಿದು, ಕುಟ್ಟಿದ ಮೆಣಸು ಹಾಕಿ, ಹಲ್ಲಿಲ್ಲದ ಅವ್ವನಿಗೆ. ಮಿಕ್ಕಿದ್ದಕ್ಕೆ ಹುರಿದ ಧನಿಯ, ಒಣಮೆಣಸಿನಕಾಯಿ, ಕೊಬ್ಬರಿ, ಗಸಗಸೆ ರುಬ್ಬಿ ಹಾಕಿದರೆ ಮುದ್ದೆಗೆ ಸಾರು. ತೊಡೆ, ಎದೆಯ ಬಾಡನ್ನು ಬೇರೆ ಬೇಯಿಸಿ, ಹುರಿದ ಕಡ್ಲೆಕಾಯಿ ಬೀಜದ ಪುಡಿ ಉದುರಿಸಿ ಬಾಡಿಸಿದರೆ ನೆಂಚಿಕೊಳ್ಳಲು ಪಲ್ಯ. ಈಲಿ, ಗುಂಡಿಗೆ ಹುರಿದರೆ ಮಕ್ಕಳಿಗೆ. ಬಲಿತ ಕೋಳಿ ಬೇಗ ಬೇಯೋದಿಲ್ಲ, ಅವಸರ ಮಾಡಬಾರದು.

1953ರಲ್ಲಿ ಆಂಧ್ರ ರಾಜ್ಯವಾಯಿತು. 2022ರಲ್ಲಿ ನಾವು ಅನಂತಪುರ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆವು. ಒಲೆಯ ಲೆಕ್ಕ ಮಾತ್ರ ಬದಲಾಗಲಿಲ್ಲ. ಬೀಗರು ಸಂಗಟಿ, ಪುಲುಸು ಅಂದರು. ನಾವು ಮುದ್ದೆ, ಸಾರು ಅಂದೆವು. ಎರಡೂ ಒಂದೇ ತಟ್ಟೆಯಲ್ಲಿದ್ದವು.

ಎಲ್ಲರೂ ಉಂಡು ಎದ್ದ ಮೇಲೆ ನೋಡಿದರೆ, ಬಡಿಸಿದವಳ ತಟ್ಟೆಯಲ್ಲಿದ್ದದ್ದು ಕತ್ತಿನ ತುಂಡು, ಒಂದಿಷ್ಟು ಸಾರು. ಇಷ್ಟು ವರ್ಷ ನನಗೆ ಕಾಣದ ಲೆಕ್ಕ ಅದು. ಇನ್ನು ಮೇಲೆ ನಮ್ಮನೆಯಲ್ಲಿ ಮೊದಲು ತೆಗೆದಿಡುವ ತೊಡೆ ತುಂಡು ಅವಳದು.