ಹಣೆಯ ಬೊಟ್ಟೂ ಚರ್ಮದ ಸಹನೆಯೂ

ಹಲವು ವರ್ಷಗಳಿಂದ ಬಳಸುತ್ತ ಬಂದ ವಸ್ತುವನ್ನು ಯಾರೂ ಸಂಶಯದಿಂದ ನೋಡುವುದಿಲ್ಲ. ಹಣೆಯಲ್ಲಿ ತುರಿಕೆ ಎದ್ದರೆ ಮಹಾನಗರದ ನೀರು, ಧೂಳು, ಸೆಕೆಗಳ ಮೇಲೆ ದೋಷ ಹೊರಿಸುವುದು ರೂಢಿ. ಆದರೆ ತೊಂದರೆಯ ಮೂಲ ಅನೇಕ ವೇಳೆ ಕನ್ನಡಿಯ ಮುಂದಿನ ಡಬ್ಬಿಯಲ್ಲಿಯೇ ಇರುತ್ತದೆ.

ಈ ತೊಂದರೆ ಎರಡು ಬಗೆಯದು. ಮೊದಲನೆಯದು, ಪದಾರ್ಥದ ತೀಕ್ಷ್ಣತೆಯಿಂದಲೇ ಉಂಟಾಗುವ ಉರಿ. ಸಾಬೂನಿನ ಕ್ಷಾರ, ನಿಂಬೆರಸದ ಆಮ್ಲ ಇದಕ್ಕೆ ನಿದರ್ಶನಗಳು. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಬೊಬ್ಬೆಯೆದ್ದು ಕಪ್ಪು ಕಲೆ ಉಳಿಯುವುದೂ ಉಂಟು. ಎರಡನೆಯದು ಅಲರ್ಜಿ. ದೇಹವು ಒಂದು ಪದಾರ್ಥವನ್ನು ಶತ್ರುವೆಂದು ಬಗೆದ ಮೇಲೆ ಅದರ ಅಲ್ಪಾಂಶಕ್ಕೂ ಕೆರಳುತ್ತದೆ. ಹತ್ತು ವರ್ಷ ಒಗ್ಗಿದ್ದ ವಸ್ತುವೂ ಹನ್ನೊಂದನೆಯ ವರ್ಷ ಒಗ್ಗದಿರಬಹುದು.

ಅರಿಶಿನ, ಸುಣ್ಣಗಳಿಂದ ಸಿದ್ಧವಾಗುತ್ತಿದ್ದ ಕುಂಕುಮಕ್ಕೆ ಬದಲಾಗಿ ಪೇಟೆಯಲ್ಲಿ ದೊರೆಯುವ ಎಷ್ಟೋ ಪುಡಿಗಳಲ್ಲಿ ಕೃತಕ ಬಣ್ಣ, ಸುಗಂಧಗಳು ಬೆರೆತಿರುತ್ತವೆ. ಅಂಟಿಸುವ ಬಿಂದಿಯ ಗೋಂದಿನಲ್ಲಿ ಪ್ಯಾರಾ-ಟರ್ಷಿಯರಿ-ಬ್ಯೂಟೈಲ್‌ಫಿನಾಲ್ ಎಂಬ ರಾಸಾಯನಿಕವಿದ್ದರೆ ಅದು ಚರ್ಮಕ್ಕೆ ಬಣ್ಣ ನೀಡುವ ಕೋಶಗಳನ್ನೇ ನಾಶಮಾಡಬಲ್ಲದು. ಬೊಟ್ಟಿಡುವ ಜಾಗ ಬೆಳ್ಳಗಾಗುತ್ತದೆ. ತೊನ್ನೆಂದು ಹೆದರಿ, ಕಲೆಯನ್ನು ಮುಚ್ಚಲು ದೊಡ್ಡ ಬಿಂದಿಯನ್ನೇ ಅಂಟಿಸಿದರೆ ಹಾನಿ ಬೆಳೆಯುತ್ತದೆ. ಬೇಗ ಬಿಟ್ಟು ಚಿಕಿತ್ಸೆ ಪಡೆದರೆ ಬಣ್ಣ ಮರಳುವ ಆಶೆಯಿದೆ.

ನರೆಗೂದಲಿಗೆ ಹಚ್ಚುವ ಬಣ್ಣದಲ್ಲಿ ಹೆಚ್ಚಾಗಿ ಕಂಡುಬರುವ ಪ್ಯಾರಾಫಿನೈಲೀನ್‌ಡೈಅಮೈನ್ ನೆತ್ತಿಗಿಂತ ರೆಪ್ಪೆಗಳನ್ನೇ ಹೆಚ್ಚು ಬಾಧಿಸುವುದುಂಟು. ‘ಕಪ್ಪು ಮೆಹಂದಿ’ಯಲ್ಲಿಯೂ ಅದನ್ನು ಬೆರೆಸುತ್ತಾರೆ. ಕ್ರೀಮು ಕೆಡದಂತೆ ಸೇರಿಸುವ ಮೀಥೈಲ್‌ಐಸೋಥಯಜೋಲಿನೋನ್ ಎಷ್ಟು ಜನರನ್ನು ಕಾಡಿತೆಂದರೆ, ಹಚ್ಚಿ ತೊಳೆಯದೆ ಬಿಡುವ ಲೇಪಗಳಲ್ಲಿ ಅದರ ಬಳಕೆಯನ್ನು ಐರೋಪ್ಯ ಒಕ್ಕೂಟ 2017ರಲ್ಲಿ ನಿಷೇಧಿಸಿತು. ‘ಗಿಡಮೂಲಿಕೆಯದು’ ಎಂಬ ಮಾತೂ ಅಭಯಪತ್ರವಲ್ಲ. ಗಿಡಗಳ ಸುಗಂಧತೈಲಗಳೂ ಅಲರ್ಜಿ ತರಬಲ್ಲವು.

ಹಾಗೆಂದು ಅಲಂಕಾರವನ್ನೇ ತೊರೆಯಬೇಕಿಲ್ಲ. ಹೊಸ ಕ್ರೀಮನ್ನು ಮುಖಕ್ಕೆ ಹಚ್ಚುವ ಮುನ್ನ ಮೊಣಕೈಯ ಒಳಮಡಿಕೆಯಲ್ಲಿ ದಿನಕ್ಕೆರಡು ಸಲದಂತೆ ಒಂದು ವಾರ ಹಚ್ಚಿ ನೋಡಬೇಕು. ಕೂದಲ ಬಣ್ಣವನ್ನು ಪೊಟ್ಟಣದ ಸೂಚನೆಯಂತೆ 48 ಗಂಟೆ ಮೊದಲೇ ಪರೀಕ್ಷಿಸಬೇಕು. ತುರಿಕೆ ಎದ್ದರೆ ಬಳಕೆ ನಿಲ್ಲಿಸಿ, ಡಬ್ಬಿಯನ್ನು ಎಸೆಯದೆ ಚರ್ಮವೈದ್ಯರಿಗೆ ತೋರಿಸುವುದು ಲೇಸು. ಅವರು ಶಂಕಿತ ಪದಾರ್ಥಗಳನ್ನು ಎರಡು ದಿನ ಬೆನ್ನಿಗೆ ಅಂಟಿಸಿ ಕಾರಣವನ್ನು ಗುರುತಿಸಬಲ್ಲರು. ಔಷಧದ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಮುಲಾಮು ತತ್ಕಾಲಕ್ಕೆ ತುರಿಕೆಯನ್ನು ಅಡಗಿಸಿದರೂ ದಿನಗಳೆದಂತೆ ಮುಖದ ಚರ್ಮವನ್ನು ತೆಳುವಾಗಿಸುತ್ತದೆ. ಮುಖ ಬಾತು ಉಸಿರಾಟಕ್ಕೆ ತೊಡಕಾದರಂತೂ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು.